ಕಾಲಿನ ಫುಟ್‌ವಾಲು

ಶಾರದತ್ತೆ, ನಿಮ್ಮ ಮಗಳ ಮದುವೆಗೆ ನಿಮ್ಮ ಅಣ್ಣ ಮುಹೂರ್ತ ಮೀರಿದ ಮೇಲೆ ಬಂದದ್ದು ನನ್ನಿಂದ. ಅವರ ಜಂಬದಿಂದಲ್ಲ, ನಿಮ್ಮ ಅತ್ತಿಗೆಯ ಮಾತು ಕೇಳಿಯೂ ಅಲ್ಲ — ಅವರ ಸೊಸೆಯಾದ ನಾನು ಹೇಳಿದ ಒಂದು ಸುಳ್ಳಿನಿಂದ. ಕೈಹಿಡಿದು ಹಸೆಗೆ ಕರೆತರಬೇಕಾದ ಸೋದರಮಾವನೇ ಇಲ್ಲದೆ ಕಾವ್ಯ ಹಸೆಮಣೆ ಏರಿದಳು. ಅವತ್ತಿನಿಂದ ನೀವು ಜಗಳೂರು ಬಿಟ್ಟು ಸಾಸ್ವೆಹಳ್ಳಿಯ ತವರಿಗೆ ಕಾಲಿಟ್ಟಿಲ್ಲ. "ನಮ್ಮಣ್ಣ ಹೆಂಡ್ತಿ ಕಾಲು ಹಿಡಿಯೋನಾಗ್ಯಾನೆ" ಎಂದು ನೀವು ಯಾರ ಹತ್ತಿರವೋ ಹೇಳಿದ್ದು ನಮ್ಮ ಕಿವಿಗೂ ಬಂತು. ಮಾತು ನಿಜ. ಹಿಡಿಯುತ್ತಿದ್ದರು. ಹಿಡಿಸಿದವಳು ನಾನು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು — ನಡುವೆ ಒಂದು ತಮಾಷೆ ತೂರಿಸಿ, ನಿಮ್ಮನ್ನು ನಗಿಸಿ, ಮುಖ್ಯವಾದದ್ದನ್ನು ನುಂಗಿಬಿಡುತ್ತೇನೆ. ಮಾತಿನಲ್ಲೇ ಮಂಟಪ ಕಟ್ಟುವವಳು ಎಂದು ಚನ್ನಗಿರಿಯ ನಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ಬರೆಯಲು ಕೂತರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಆದರೂ ಒಂದೆರಡು ಕಡೆ ನಿಮಗೆ ನಗು ಬಂದರೆ ತಡೆಯಬೇಡಿ, ಯಾಕೆಂದರೆ ಈ ಸುಳ್ಳು ನಮ್ಮ ಮನೆಗೆ ತಂದ ಸಂತೋಷವೂ ಸುಳ್ಳಲ್ಲ. ಅದೇ ನನ್ನ ಕಷ್ಟ. ಬರೀ ಕೆಟ್ಟದ್ದೇ ಆಗಿದ್ದರೆ ಎಂದೋ ಒಪ್ಪಿಕೊಂಡಿರುತ್ತಿದ್ದೆನೋ ಏನೋ.

ನಮ್ಮತ್ತೆಯ ಕಾಲು ನೀವೂ ನೋಡಿದ್ದೀರಿ. ಮೊಣಕಾಲಿನ ಹಿಂದೆ ನರಗಳು ಹಗ್ಗದ ಹಾಗೆ ಸುತ್ತಿಕೊಂಡು ಉಬ್ಬಿದ್ದವು. ಸಂಜೆಯಾದರೆ ಪಾದ ಊದಿಕೊಂಡು ಕಾಲುಂಗುರ ಬೆರಳನ್ನು ಕಚ್ಚುತ್ತಿತ್ತು. ಒಲೆ ಹೋಗಿ ಗ್ಯಾಸಿನ ಕಟ್ಟೆ ಬಂದ ಮೇಲಂತೂ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಹೆಂಗಸು. "ವಯಸ್ಸಾತು, ಕಾಲು ಊದ್ದೆ ತಲೆ ಊದ್ತೈತೇನು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ನಾನು ಬೆನ್ನು ಬಿದ್ದು, ಶಾಲೆಗೆ ರಜೆ ಹಾಕಿ, ದಾವಣಗೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಹೇಳಿದ್ದು ನಾನು ಪ್ರತಿ ವರ್ಷ ನ್ಯಾಮತಿಯ ಹೈಸ್ಕೂಲಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡುವ ಪಾಠವೇ. ಎದೆಯಿಂದ ಪಾದಕ್ಕೆ ಇಳಿದ ರಕ್ತ ಮತ್ತೆ ಎದೆಗೆ ಏರಬೇಕು. ನಡೆಯುವಾಗ ಮೀನಖಂಡ ಬಿಗಿದು ನಾಳವನ್ನು ಹಿಂಡುತ್ತದೆ. ಹಿಂಡಿದಷ್ಟು ರಕ್ತ ಸ್ವಲ್ಪ ಮೇಲೆ ಹೋಗುತ್ತದೆ. ಹೋದದ್ದು ವಾಪಸು ಇಳಿಯದಂತೆ ನಾಳದೊಳಗೆ ಅಲ್ಲಲ್ಲಿ ಪುಟ್ಟ ಪುಟ್ಟ ಕವಾಟಗಳಿವೆ. ಎರಡು ತೆಳ್ಳನೆ ಎಸಳು, ಅಷ್ಟೆ. ರಕ್ತ ಮೇಲೆ ಹೋಗುವಾಗ ದಾರಿ ಬಿಡುತ್ತವೆ, ಕೆಳಗೆ ಜಾರಲು ನೋಡಿದರೆ ಆ ಭಾರಕ್ಕೇ ಕೂಡಿಕೊಂಡು ಬಾಗಿಲು ಹಾಕುತ್ತವೆ. ಹಗಲೆಲ್ಲ ನಿಂತೇ ಇದ್ದವರಲ್ಲಿ ನಾಳ ಹಿಗ್ಗಿ ಹಿಗ್ಗಿ, ಆ ಎಸಳುಗಳು ಒಂದಕ್ಕೊಂದು ತಾಗದೆ ಹೋಗಬಹುದು. ಆಗ ಮೇಲೆ ಹೋದದ್ದು ಮತ್ತೆ ಕೆಳಗೆ ಬಂದು ನಿಲ್ಲುತ್ತದೆ.

ಅದಕ್ಕೆ ಒಂದು ಬಿಗಿ ಕಾಲುಚೀಲ ಕೊಟ್ಟರು. ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಇಡುವ ಮೊದಲೇ, ಹಾಸಿಗೆಯಲ್ಲಿರುವಾಗಲೇ ಹಾಕಬೇಕು. ಅತ್ತೆ ಆಚೆ ಕೋಣೆಯಲ್ಲಿ ಕಾಲಿನ ಅಳತೆ ಕೊಡುತ್ತಿದ್ದರು. ಆಗ ಡಾಕ್ಟರು ನನಗೊಬ್ಬಳಿಗೇ ಹೇಳಿದ್ದನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತೇನೆ. ಮೊದಲು ಸ್ವಲ್ಪ ದಿನ ನೀವು ಹಾಕಿಕೊಡಿ, ರೂಢಿಯಾದರೆ ಅವರೇ ಹಾಕಿಕೊಳ್ಳುತ್ತಾರೆ, ಒಂದು ದಿನ ತಪ್ಪಿದರೆ ಗಾಬರಿ ಬೇಡ ಎಂದರು. ಬಹಳ ಒಳ್ಳೆಯ ಮನುಷ್ಯ. ಅವರ ಹೆಸರಿಗೆ ನಾನು ಅಂಟಿಸಿದ ಮಾತು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಯೋಚಿಸಿದ್ದು ಅತ್ತೆಯ ಕಾಲನ್ನಲ್ಲ, ನನ್ನ ಬೆಳಗನ್ನು. ಎದ್ದ ಕೂಡಲೇ ತಿಂಡಿ, ಡಬ್ಬಿ, ನಂತರ ಹೊನ್ನಾಳಿಗೆ ಓಡುವ ಬಸ್ಸು, ಅಲ್ಲಿಂದ ನ್ಯಾಮತಿಗೆ ಇನ್ನೊಂದು. ಇದರ ನಡುವೆ ದಿನಾ ಒಬ್ಬರ ಕಾಲ ಬಳಿ ಕೂತು ಆ ಹಠಮಾರಿ ಚೀಲ ಎಳೆಯುವುದು — ಬೇಡ ಅನ್ನಿಸಿತು. ಇನ್ನೂ ಒಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮಾವ ಊಟಕ್ಕೆ ಕೂತಲ್ಲಿಂದಲೇ ನೀರು ಕೇಳುವವರು, ಅತ್ತೆ ಊದಿದ ಕಾಲಲ್ಲೇ ತಂದುಕೊಡುವವರು. ಅದನ್ನು ನೋಡಿ ನೋಡಿ ನನಗೊಂದು ಕಿಡಿ ಇತ್ತು. ಆದರೆ ನ್ಯಾಯಕ್ಕಾಗಿ ಸುಳ್ಳು ಹೇಳಿದೆ ಎಂದು ಹೇಳಿಕೊಳ್ಳಲಾರೆ. ಮುಕ್ಕಾಲು ಪಾಲು ಮೈಗಳ್ಳತನ, ಕಾಲು ಪಾಲು ಕಿಡಿಗೇಡಿತನ.

ಮನೆ ಮುಟ್ಟಿದಾಗ ಮಾವ ಜಗುಲಿಯಲ್ಲಿದ್ದರು. ಚೀಲ ತೋರಿಸಿದೆ. ಆಮೇಲೆ ಆ ಮಾತು ಹೇಳಿದೆ.

"ಇದನ್ನ ಗಂಡನ ಕೈಲೇ ಹಾಕಿಸ್ಬೇಕಂತೆ ಮಾವ. ಬಲ ಬೇಕಂತೆ. ಡಾಕ್ಟ್ರು ಒತ್ತಿ ಹೇಳಿದಾರೆ."

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗಿಬಿಟ್ಟರು. ಗಂಡ ಹೆಂಡತಿಯ ಕಾಲು ಮುಟ್ಟುವುದೆಂದರೆ ನಮ್ಮಲ್ಲಿ ಏನೆಂದು ನಿಮಗೆ ನಾನು ಹೇಳಬೇಕೆ? ಮದುವೆಯಲ್ಲಿ ಕಾಲುಂಗುರ ತೊಡಿಸುವಾಗ ಹಿಡಿದದ್ದೇ ಮೊದಲು, ಅದೇ ಕೊನೆ. ಮಾವ ಸಿಟ್ಟಾಗುತ್ತಾರೆ, ಆಗ ಹೋಗಲಿ ಬಿಡಿ ಎಂದು ಅತ್ತೆಯೇ ಕಲಿತುಕೊಳ್ಳುತ್ತಾರೆ ಎಂದು ನನ್ನ ಲೆಕ್ಕ. ಅವರು ಸಿಟ್ಟಾಗಲಿಲ್ಲ. ಕಾಲಿಗೆ ಏನಾಗಿದೆ, ಬಿಡಿಸಿ ಹೇಳು ಎಂದರು. ನಾಳದೊಳಗಿನ ವಾಲ್ವ್ ಕೆಟ್ಟಿದೆ, ಮೇಲೆ ಹೋದ ರಕ್ತ ಕೆಳಗೆ ಇಳಿಯುತ್ತಿದೆ ಎಂದೆ.

ಸ್ವಲ್ಪ ಹೊತ್ತು ಚೀಲವನ್ನು ಹಿಗ್ಗಿಸಿ ನೋಡಿದರು. "ಫುಟ್‌ವಾಲ್ ಹೋಗೈತೆ ಅನ್ನು" ಎಂದರು.

ಹೊಳೆದಂಡೆಯ ಪಂಪಿನವರಿಗೆ ಅದು ಮನೆಮಾತು. ನೀರೊಳಗೆ ಮುಳುಗಿರುವ ಪೈಪಿನ ತುದಿಗೆ ಫುಟ್‌ವಾಲ್ ಇರುತ್ತದೆ; ಮೇಲೆ ಎಳೆದ ನೀರನ್ನು ಮತ್ತೆ ಹೊಳೆಗೆ ಬಿಡುವುದಿಲ್ಲ. ಅದು ಕೆಟ್ಟರೆ ಪೈಪು ಖಾಲಿಯಾಗಿ, ಮೋಟಾರು ಬರೀ ಅರಚುತ್ತದೆ, ನೀರು ಏರುವುದಿಲ್ಲ. ಕೊಡದಲ್ಲಿ ನೀರು ತಂದು ಪಂಪಿನ ಬಾಯಿಗೆ ಹೊಯ್ದು ಆಮೇಲೆ ಚಾಲೂ ಮಾಡಬೇಕು. ಕಾಲಿನ ವಾಲ್ವ್ ಅಂದ ಮೇಲೆ ಅದು ಫುಟ್‌ವಾಲ್ ಅಲ್ಲದೆ ಮತ್ತೇನು? ಇಂಗ್ಲಿಷಿನಲ್ಲೂ ಲೆಕ್ಕ ಸರಿಯಾಗಿಯೇ ಬಂತು. ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ನಗಲಿಲ್ಲ. ವಾಲ್ ಹೋದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ, ಸ್ನಾನಕ್ಕೂ ಲಿಂಗಪೂಜೆಗೂ ಮೊದಲು, ಒಂದು ಚೊಂಬು ನೀರು ಹಿಡಿದು ಅತ್ತೆಯ ಹಾಸಿಗೆಯ ಹತ್ತಿರ ನಿಂತರು. ಪೂರಾ ಕುಡಿ ಎಂದರು. ಯಾಕೆ ಎಂದು ಅತ್ತೆ ಕೇಳಿದರೆ, "ನೀರು ಹೊಯ್ಯದೆ ಮೋಟ್ರು ಚಾಲೂ ಮಾಡಾಕೆ ಬರಾಂಗಿಲ್ಲ." ಅತ್ತೆ ಕುಡಿದರು. ಆಮೇಲೆ ಮಾವ ನೆಲದ ಮೇಲೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಚೀಲ ಎಳೆದರು. ನೀರಿಗೂ ಆ ಕಾಲಿಗೂ ಸಂಬಂಧವಿಲ್ಲ ಎಂದು ವಿಜ್ಞಾನದ ಟೀಚರು ಹೇಳಬಹುದಿತ್ತು. ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತ ನಿಂತಿದ್ದ ಟೀಚರಿಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ.

ಶಾರದತ್ತೆ, ನಾನು ಈ ಮನೆಗೆ ಬಂದಾಗಿನಿಂದ ಅವರಿಬ್ಬರು ನೇರವಾಗಿ ಮಾತಾಡಿದ್ದು ಕೇಳಿದ್ದೇ ಕಡಿಮೆ. ಊಟಕ್ಕೆ ಬರಾಕೆ ಹೇಳು, ಪೇಟೆಯಿಂದ ಏನು ತರಬೇಕು ಕೇಳು — ಎಲ್ಲವೂ ನನ್ನ ಮೂಲಕ ಅಥವಾ ನನ್ನ ಗಂಡನ ಮೂಲಕ. ಜಗಳ ಏನಿಲ್ಲ, ರೂಢಿ ಇರಲಿಲ್ಲ ಅಷ್ಟೆ. ಈಗ ಕಾಲು ತೊಡೆಯ ಮೇಲಿದ್ದಾಗ ಏನಾದರೂ ಮಾತಾಡಲೇಬೇಕಲ್ಲ. ಮೊದಮೊದಲು ಬಿಗಿಯಾಯಿತೇ, ಸಡಿಲವೇ. ಆಮೇಲೆ ತೋಟ, ನೆಂಟರು, ಯಾವ ಕಾಲದ್ದೋ ಮದುವೆ. ಒಂದು ಬೆಳಿಗ್ಗೆ ಮೊಣಕಾಲ ಕೆಳಗಿನ ಒಂದು ಕಲೆ ನೋಡಿ, ಇದು ಯಾವಾಗ ಆದದ್ದು ಎಂದು ಮಾವ ಕೇಳಿದರು. ಈ ಮನೆಗೆ ಬಂದ ವರ್ಷವೇ, ಒಲೆಯ ಕೆಂಡ ಸಿಡಿದು ಆದದ್ದು ಎಂದರು ಅತ್ತೆ. ಆಮೇಲೆ ಮಾವನ ದನಿ. "ನಂಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ" ಎಂದರು ಅತ್ತೆ. ಹೇಳಿ ನಕ್ಕುಬಿಟ್ಟರು. ಅವರು ಹಾಗೆ ನಗುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ.

ಊರಿಗೆ ಸುದ್ದಿ ಹಬ್ಬದೆ ಇರುತ್ತದೆಯೇ? ಬೆಳಗಿನ ಮೊದಲ ಪೂಜೆ ಯಾರಿಗೆ ಗೌಡ್ರೆ ಎಂದು ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕೇಳಿದರು. ಮಾವನಿಗೆ ನಾನೊಂದು ಆಟ ಕಲಿಸಿದ್ದೆ, ಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವುದು. ಕೈ ಇಳಿಬಿಟ್ಟು ಮುಂಗೈ ನರ ಉಬ್ಬಿದಾಗ, ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ಕಡೆಗೆ ನೀವಬೇಕು. ನೀವಿದ ಬೆರಳು ತೆಗೆದರೂ ನರ ಚಪ್ಪಟೆಯಾಗಿಯೇ ಇರುತ್ತದೆ. ಮೇಲೆ ಹೋದ ರಕ್ತ ಕವಾಟ ದಾಟಿ ಹಿಂದಕ್ಕೆ ಬರಲಾರದು. ಒತ್ತಿ ಹಿಡಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ. ನಕ್ಕವರೆಲ್ಲರ ಕೈ ಹಿಡಿದೆಳೆದು ಮಾವ ಇದನ್ನು ಮಾಡಿ ತೋರಿಸಿದರು. ನಿನ್ನ ಹೆಂಡತಿಯ ಕಾಲಿಗೂ ಇದೇ ವಾಲು, ಹೋಗಿ ನೋಡು ಎಂದರು. ಕೆಲವರು ನೋಡಿದರು ಅಂತ ಕಾಣುತ್ತದೆ, ನಮ್ಮೂರಿಂದ ದಾವಣಗೆರೆಯ ಆ ಡಾಕ್ಟರ ಹತ್ತಿರ ಹೋಗಿಬಂದವರು ಆಮೇಲೆ ಹೆಚ್ಚಾದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಸುಳ್ಳನ್ನು ಯಾರಾದರೂ ಕೆಡಿಸುತ್ತಾರೆಯೇ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಕಾವ್ಯಳ ಮದುವೆ ಬಂತು.

ನಿಮ್ಮಲ್ಲಿ ಬೆಳಗಿನ ಮುಹೂರ್ತ. ಹಿಂದಿನ ದಿನವೇ ಬಂದು ಉಳಿಯಬೇಕು. ಛತ್ರದಲ್ಲಿ ಸಾಲಾಗಿ ಹಾಸಿಗೆ, ಸುತ್ತ ನೆಂಟರು. ಅಷ್ಟು ಜನರ ನಡುವೆ ಬೆಳಿಗ್ಗೆದ್ದು ಹೆಂಡತಿಯ ಕಾಲು ಹಿಡಿಯುವುದು ಮಾವನಿಂದ ಆಗದ ಕೆಲಸ, ಹಿಡಿಸಿಕೊಳ್ಳುವುದು ಅತ್ತೆಯಿಂದ ಆಗದ ಕೆಲಸ. ಊರಿನ ಕಟ್ಟೆಯ ನಗು ಬೇರೆ, ತಂಗಿಯ ಬೀಗರ ಮುಂದಿನ ನಗು ಬೇರೆ. ಹೊರಡುವ ಹಿಂದಿನ ವಾರ ಮಾವ ನನ್ನನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು.

"ಒಂದಿನ ಬಿಟ್ರೆ ಏನರ ಆಗ್ತೈತೇನವ್ವ?"

ಏನೂ ಆಗುವುದಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅಥವಾ, ಅಲ್ಲಿ ನಾನು ಹಾಕಿಕೊಡುತ್ತೇನೆ ಎನ್ನಬಹುದಿತ್ತು. ಆದರೆ ಹಾಗೆಂದರೆ, ಇಷ್ಟು ದಿನ ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಬರುತ್ತದೆ — ಗಂಡನೇ ಹಾಕಬೇಕು ಎಂದದ್ದು ಎಲ್ಲಿಂದ ಬಂತು ಎಂಬ ಪ್ರಶ್ನೆ —

"ಇಲ್ಲ ಮಾವ, ಒಂದಿನಾನೂ ಬಿಡಬಾರ್ದಂತೆ."

ಮೊದಲನೆಯದು ಮೈಗಳ್ಳತನದ ಸುಳ್ಳು. ಇದು ಹೇಡಿಯ ಸುಳ್ಳು.

ಆಮೇಲಿನದು ನಿಮಗೆ ಗೊತ್ತು. ನಾನೂ ನನ್ನ ಗಂಡನೂ ಹಿಂದಿನ ದಿನವೇ ಬಂದೆವು. ಅವರಿಬ್ಬರು ಬೆಳಿಗ್ಗೆ ಚೀಲ, ಸ್ನಾನ, ಪೂಜೆ ಮುಗಿಸಿ ಮೊದಲ ಬಸ್ಸು ಹಿಡಿದರು. ನೀವು ಛತ್ರದ ಬಾಗಿಲಿಗೂ ಮಂಟಪಕ್ಕೂ ಓಡಾಡುತ್ತಿದ್ದಿರಿ. ಅಣ್ಣ ಎಲ್ಲಿ ಬಂದನಂತೆ ಎಂದು ಮತ್ತೆ ಮತ್ತೆ ನನ್ನನ್ನೇ ಕೇಳಿದಿರಿ. ದಾವಣಗೆರೆ ದಾಟಿದ್ದಾರಂತೆ ಎಂದೆ. ಫೋನಿನಲ್ಲಿ ಅವರು ನನಗೆ ಹೇಳಿದ್ದು, ಇನ್ನೂ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲೇ ಇದ್ದೇವೆ ಎಂದು. ಅದು ಮೂರನೆಯ ಸುಳ್ಳು. ಹೊತ್ತು ಮೀರುತ್ತದೆ ಎಂದು ಮದುವೆ ಮಾಡಿಸುವ ಅಯ್ಯನವರು ಕೂಗಿದಾಗ ದಾಯಾದಿಯೊಬ್ಬರು ಕಾವ್ಯಳ ಕೈ ಹಿಡಿದರು. ನೀವು ಬಾಗಿಲ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ, ಅಕ್ಷತೆ ಹಂಚಲು ಹೋದಿರಿ.

ಮಾವ ಬಂದಾಗ ಪಂಕ್ತಿ ಕೂತಿತ್ತು. ಕಾವ್ಯಳಿಗೆ ತಂದ ಸೀರೆ ಕಂಕುಳಲ್ಲಿತ್ತು. ನೀವು ಅಳಲಿಲ್ಲ, ಬೈಯಲಿಲ್ಲ. "ಬಂದೀಯಲ್ಲ. ಊಟ ಮಾಡ್ಕಂಡು ಹೋಗಣ್ಣ" ಎಂದಿರಿ. ಯಾರೋ ಹೊರಗಿನವರಿಗೆ ಹೇಳುವ ಹಾಗೆ. ಅವರು ಎಲೆಯ ಮುಂದೆ ಕೂತರು. ಏನು ಉಂಡರೋ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಆಮೇಲೆ ನಾಗರ ಪಂಚಮಿಗೆ ನೀವು ತವರಿಗೆ ಬರುವುದು ನಿಂತಿತು. ಆದರೂ ಪ್ರತಿ ಪಂಚಮಿಗೆ ಮಾವ ಹುಣಸೆಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಹಗ್ಗ ಜಗ್ಗಿ ಗಟ್ಟಿ ಇದೆಯೇ ನೋಡಿ, ಯಾರೂ ಜೀಕದೆ, ಹಬ್ಬ ಮುಗಿದ ಮೇಲೆ ಬಿಚ್ಚಿಡುತ್ತಾರೆ. ನಾನು ತಂಬಿಟ್ಟಿನ ಉಂಡೆ ಕಟ್ಟುತ್ತ ಕಿಟಕಿಯಿಂದ ನೋಡಿದ್ದೇನೆ. ನೋಡಿಯೂ ಸುಮ್ಮನಿದ್ದೆ, ಶಾರದತ್ತೆ.

ಮೊನ್ನೆ ನನ್ನ ಸರದಿ ಬಂತು. ತರಗತಿಯಲ್ಲಿ ನಿಂತು, ಬಸ್ಸಿನಲ್ಲಿ ನಿಂತು, ನನ್ನ ಕಾಲಿನ ನರವೂ ಉಬ್ಬಿತು. ಅದೇ ಡಾಕ್ಟರು, ಅದೇ ಚೀಲ. ಒಬ್ಬಳೇ ಹೋಗಿ ತಂದುಕೊಂಡೆ, ಒಬ್ಬಳೇ ಹಾಕಿಕೊಂಡರಾಯಿತು ಎಂದು. ನಮ್ಮ ಮನೆಯಲ್ಲಿ ಅದು ಸಾಧ್ಯವೇ? ಅವತ್ತು ಸಂಜೆಯೇ ಮಾವ ಮಗನನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಚೀಲವನ್ನು ಒಳಮೈ ಹೊರಗಾಗುವ ಹಾಗೆ ಹೆಂಗೆ ಮಡಚಬೇಕು, ಹಿಮ್ಮಡಿ ಹೆಂಗೆ ಕೂರಿಸಬೇಕು, ಕೈ ಯಾವಾಗಲೂ ಕೆಳಗಿಂದ ಮೇಲಕ್ಕೇ ಯಾಕೆ ಹೋಗಬೇಕು. ನಾನು ಮಕ್ಕಳಿಗೆ ಅಷ್ಟು ಶ್ರದ್ಧೆಯಿಂದ ಪಾಠ ಮಾಡಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟರೆ ನನ್ನ ಗಂಡ ಚೊಂಬು ಹಿಡಿದು ನಿಂತಿದ್ದಾರೆ. ಬಾಗಿಲಲ್ಲಿ ಮಾವ, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ ಹಾಗೆ. ಅವರ ಹಿಂದೆ ಅತ್ತೆ. ಪೂರಾ ಕುಡಿ ಎಂದರು ನನ್ನ ಗಂಡ, ನಗದೆ. ಕುಡಿದೆ. ಅವರು ನೆಲಕ್ಕೆ ಕೂತು, ನನ್ನ ಪಾದ ತೊಡೆಯ ಮೇಲಿಟ್ಟುಕೊಂಡರು. ಚೀಲದ ಮಡಿಕೆ ಸರಿ ಇದೆಯೇ ಎಂದು ಎರಡೆರಡು ಸಲ ಅಪ್ಪನ ಕಡೆ ನೋಡಿದರು. ತಪ್ಪು ಮಾಡಬಾರದು ಎಂಬ ಭಯ ಅದು — ನಾನು ಹುಟ್ಟಿಸಿದ ಒಂದು ಅಪ್ಪಣೆಯ ಭಯ. ನನಗೆ ಛತ್ರದ ಬಾಗಿಲು ನೆನಪಾಯಿತು, ಎಲೆಯ ಮುಂದೆ ಕೂತ ಮಾವ ನೆನಪಾದರು. ಕಾಲು ಹಿಂದೆ ತೆಗೆದುಕೊಂಡೆ. ಅವರ ಕೈಯಿಂದ ಚೀಲ ಇಸಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ನಾನೇ ಹಾಕಿಕೊಂಡೆ.

"ಗಂಡನೇ ಹಾಕ್ಬೇಕು ಅಂತ ಡಾಕ್ಟ್ರು ಹೇಳಿರಲಿಲ್ಲ ಮಾವ. ನಾನೇ ಹೇಳಿದ್ದು. ಒಂದಿನ ಬಿಟ್ಟಿದ್ರೂ ನಡೀತಿತ್ತು."

ಮಾವ ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದರು. "ಹಿಮ್ಮಡಿ ಹತ್ರ ಸುಕ್ಕು ಬಿದ್ದೈತೆ. ಬಿಚ್ಚಿ ಹಾಕ್ಕ" ಎಂದು ಹೊರಗೆ ಹೋದರು. ಜಗುಲಿಯ ಮೇಲೆ ಒಬ್ಬರೇ ಕೂತರು. ನಾನು ಬಸ್ಸು ತಪ್ಪಿಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗದೆಯೇ ಕೇಳಿದರು.

"ಶಾರದಂಗೆ ಹೇಳೀಯೇನು?"

ಇಲ್ಲ ಎಂದೆ. ಮೊದಲು ಅಲ್ಲಿ ಹೇಳು ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತೋ ಏನೋ.

ನಮ್ಮತ್ತೆಗೆ ಮಾತ್ರ ನಗು ತಡೆಯಲಾಗಲಿಲ್ಲ. ಅಡಿಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಕಾವ್ಯಳ ಮದುವೆ ವಿಷಯಕ್ಕೆ ಮಾತ್ರ ನಿನ್ನನ್ನು ಬಿಡುವುದಿಲ್ಲ ಎಂದರು; ಅದನ್ನು ಹೇಳುವಾಗ ನಗು ಇರಲಿಲ್ಲ. ಮಾರನೆಯ ಬೆಳಿಗ್ಗೆ ಅವರು, ಇನ್ನು ಮೇಲೆ ನಾನೇ ಹಾಕಿಕೊಳ್ಳುತ್ತೇನೆ ಎಂದು ಚೀಲಕ್ಕೆ ಕೈ ಚಾಚಿದರಂತೆ. ನಾನು ಬಾಗಿಲ ಹಿಂದೆ ನಿಲ್ಲುವ ಚಾಳಿ ಬಿಟ್ಟಿದ್ದೇನೆ, ಆದರೆ ಮಾವನ ದನಿ ಪಡಸಾಲೆಗೇ ಕೇಳಿತು. "ನಿಂಗೆ ಬರಲ್ಲ. ನೀರು ಕುಡಿ ಮೊದ್ಲು."

ಈ ಶನಿವಾರ ಸಂಜೆ ನಾವೆಲ್ಲರೂ ಜಗಳೂರಿಗೆ ಬರುತ್ತಿದ್ದೇವೆ. ಉಳಿಯಲು ಬರುತ್ತಿದ್ದೇವೆ. ಮಾವ ಚೀಲವನ್ನು ತಾವೇ ಒಗೆದು ಒಣಗಿಸಿ ಬ್ಯಾಗಿಗೆ ಇಟ್ಟರು, ಮೇಲೆ ಚೊಂಬನ್ನೂ ಇಟ್ಟರು. ಶಾರದನ ಮನೆಯಲ್ಲಿ ಚೊಂಬು ಇರಲ್ವೇನ್ರಿ ಎಂದು ಅತ್ತೆ ಕೇಳಿದರೂ ತೆಗೆಯಲಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಪಡಸಾಲೆಯಲ್ಲಿ, ನಿಮ್ಮ ಅಳಿಯ, ಬೀಗರು, ಯಾರೇ ಇರಲಿ, ನಿಮ್ಮ ಅಣ್ಣ ಹೆಂಡತಿಯ ಕಾಲ ಬಳಿ ಕೂರುತ್ತಾರೆ. ಅದಕ್ಕೆ ಅವರನ್ನು ಏನೂ ಅನ್ನಬೇಡಿ. ಈಗ ಅದು ಡಾಕ್ಟರ ಅಪ್ಪಣೆಯೂ ಅಲ್ಲ, ನನ್ನ ಸುಳ್ಳೂ ಅಲ್ಲ. ಅನ್ನಬೇಕಾದ್ದೆಲ್ಲ ನನಗೆ ಅನ್ನಿ. ಕಾವ್ಯಳನ್ನೂ ಕರೆಸಿ, ಅವಳ ಮುಂದೆಯೂ ಹೇಳುತ್ತೇನೆ. ನನ್ನಿಂದ ಹೋದ ಆ ಬೆಳಗನ್ನು ಯಾರೂ ಹಿಂದಕ್ಕೆ ತರಲಾರರು, ನನಗೆ ಗೊತ್ತು. ನಿಮ್ಮ ಅಣ್ಣ ಅತ್ತಿಗೆಯನ್ನು ಒಳಗೆ ಕರೆದುಕೊಳ್ಳಿ, ಶಾರದತ್ತೆ. ನಾನು ಹೊಸ್ತಿಲ ಆಚೆಯೇ ನಿಂತಿರುತ್ತೇನೆ, ನೀವು ಬಾ ಅನ್ನುವವರೆಗೆ.